ಇಪ್ಪತ್ತೊಂದು ಹೊಸ್ತಿಲಿನ ಮನೆ

"ಗುರುಗಳೇ, ದೊಡ್ಡ ಮನೆಯನ್ನು ಬಿಟ್ಟು ಚಿಕ್ಕ ಮನೆಗೆ ಹೋದವನು ಏನನ್ನು ಗಳಿಸುತ್ತಾನೆ?"

ಕೇಳಿದವನು ಮರುಳಯ್ಯ. ಮಠದ ಕೀಲಿಗಳೆಲ್ಲ ಅವನ ಸೊಂಟದಲ್ಲಿದ್ದವು. ಎಂಟು ವರ್ಷದ ಹಿಂದೆ ಹಳೆಯ ಓಲೆಗರಿಗಳನ್ನು ಓದಲು ಕಲಿಯಬೇಕೆಂದು ಬಂದವನು. ಓದಿನಲ್ಲಿ ಚುರುಕಾಗಿದ್ದ. ಮೇಲ್ವಿಚಾರಣೆಯಲ್ಲಿ ಇನ್ನೂ ಚುರುಕು ಎಂದು ಕಂಡಮೇಲೆ ಮಠದ ಹಿರಿಯರು ಅವನಿಗೆ ಉಗ್ರಾಣದ ಕೀಲಿ ಕೊಟ್ಟರು. ಆಮೇಲೆ ಅತಿಥಿಗಳ ಕೋಣೆಯದು, ಆಮೇಲೆ ಹಿಂದಿನ ಚೌಕದ ಒಂಬತ್ತು ಕೋಣೆಗಳದು. ಈಗ ಅವನು ಬರುವುದು ಮಠದ ಬೆಕ್ಕುಗಳಿಗೂ ದೂರದಿಂದಲೇ ಗೊತ್ತಾಗುತ್ತಿತ್ತು. ಓಲೆಗರಿಗಳ ಹತ್ತಿರ ಮಾತ್ರ ಅವನು ಸುಳಿದು ಬಹಳ ದಿನವಾಗಿತ್ತು.

ಆ ಬೆಳಿಗ್ಗೆ ಗುರುಗಳು ಒಂದು ಮಾತು ಹೇಳಿದ್ದರು. ಹಿಂದಿನ ಚೌಕವನ್ನು ಊರಿನ ನೇಕಾರರಿಗೆ ಬಿಟ್ಟುಕೊಡೋಣ, ನಮಗೆ ಮುಂದಿನ ನಾಲ್ಕು ಕೋಣೆ ಸಾಕು ಎಂದಿದ್ದರು. ಅದನ್ನು ಕೇಳಿದಾಗಿನಿಂದ ಮರುಳಯ್ಯನಿಗೆ ಊಟ ಸೇರಿರಲಿಲ್ಲ. ಎದುರಾಡುವ ಧೈರ್ಯವಿಲ್ಲ, ಸುಮ್ಮನಿರಲೂ ಆಗದು. ಅದಕ್ಕೇ ಬೇರೆ ಯಾರದೋ ವಿಷಯ ಎಂಬಂತೆ ಪ್ರಶ್ನೆಯನ್ನು ಹೆಣೆದುಕೊಂಡು ಬಂದಿದ್ದ.

ಗುರುಗಳಿಗೆ ನಗು ಬಂತು. "ಕೂತುಕೋ. ಒಬ್ಬ ವರ್ತಕನ ಕತೆ ಹೇಳುತ್ತೇನೆ. ಆ ಕೀಲಿಗೊಂಚಲನ್ನು ಸ್ವಲ್ಪ ಸದ್ದಾಗದಂತೆ ಹಿಡಿದುಕೋ."

ಬಯಲುಸೀಮೆಯ ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಹತ್ತಿಯ ವ್ಯಾಪಾರ. ಅವನ ಮನೆ ಹದಿನೆಂಟು ಅಂಕಣದ್ದು. ಆ ಕಡೆ ಎರಡು ಕಂಬಗಳ ನಡುವಿನ ಜಾಗವನ್ನು ಅಂಕಣ ಎನ್ನುತ್ತಾರೆ. ಮನೆಯನ್ನು ಅಳೆಯುವುದು ಅದರಲ್ಲೇ, ಮನೆಯೊಡೆಯನನ್ನು ಅಳೆಯುವುದೂ ಅದರಲ್ಲೇ. ಅಜ್ಜ ಕಟ್ಟಿಸಿದ ಮನೆ. ಅಪ್ಪನ ಕಾಲದಲ್ಲಿ ಅಲ್ಲಿ ಊಟಕ್ಕೆ ಮೂವತ್ತು ಎಲೆ ಬೀಳುತ್ತಿತ್ತು. ಆಮೇಲೆ ತಮ್ಮಂದಿರು ತಮ್ಮ ತಮ್ಮ ಪಾಲನ್ನು ಹಣವಾಗಿ ತೆಗೆದುಕೊಂಡು ಬೇರೆ ಬೇರೆ ಪೇಟೆಗಳಲ್ಲಿ ಅಂಗಡಿ ಹಾಕಿದರು. ಮನೆ ಇವನಿಗೆ ಉಳಿಯಿತು. ಇವನು ಮನೆಗೆ ಉಳಿದ ಎಂದರೂ ನಡೆಯುತ್ತದೆ. ಹದಿನೆಂಟು ಅಂಕಣದಲ್ಲಿ ಗಂಡ ಹೆಂಡತಿ ಇಬ್ಬರೇ.

ಮಣ್ಣಿನ ಮಾಳಿಗೆಯ ಮನೆ ಅದು. ಪ್ರತಿ ವರ್ಷ ಮಳೆಗೆ ಮುಂಚೆ ಹಳ್ಳದ ದಂಡೆಯಿಂದ ಸವಳು ಮಣ್ಣು ತಂದು ಮಾಳಿಗೆಗೆ ಹೊದಿಸಬೇಕು, ಇಲ್ಲದಿದ್ದರೆ ಸೋರುತ್ತದೆ. ಅವನ ಮನೆಗೆ ನಲವತ್ತು ಗಾಡಿ ಮಣ್ಣು ಬೇಕಾಗುತ್ತಿತ್ತು. ದೀಪಾವಳಿಗೆ ಸುಣ್ಣ. ಚಳಿಗಾಲದಲ್ಲಿ ಕಂಬಗಳಿಗೆ ಎಣ್ಣೆ. ಬೇಸಿಗೆ ಬಂತೆಂದರೆ ಗೆದ್ದಲಿನ ಹಿಂದೆ ಓಡಾಟ. ಕುದುರೆಯೇ ಇಲ್ಲದ ಲಾಯಕ್ಕೆ ಅವನು ಎರಡು ಸಲ ಹೊಸ ಬಾಗಿಲು ಮಾಡಿಸಿದ್ದ, ಏಕೆಂದರೆ ಬೀದಿಯವರ ಕಣ್ಣಿಗೆ ಮೊದಲು ಬೀಳುವುದು ಆ ಬಾಗಿಲು. ಹತ್ತಿಯಲ್ಲಿ ದುಡಿದದ್ದನ್ನೆಲ್ಲ ಮನೆ ಉಂಡುಬಿಡುತ್ತಿತ್ತು. ಒಂದು ವಾರ ಅಂಗಡಿ ಮುಚ್ಚಿದರೆ ಮುಂದಿನ ತಿಂಗಳು ಏರುಪೇರು. ಮೈಯಲ್ಲಿ ಜ್ವರವಿದ್ದಾಗಲೂ ಗಾದಿಯ ಮೇಲೆ ಮಲಗಿಕೊಂಡೇ ದರ ಹೇಳುತ್ತಿದ್ದ. ಊರವರು ಅವನನ್ನು ಸಾಹುಕಾರ ಎಂದು ಕರೆಯುತ್ತಿದ್ದರು. ಪಾಪ, ಅವನೂ ಅದನ್ನು ನಂಬಿದ್ದ.

ಮರುಳಯ್ಯ ನಡುವೆ ಬಾಯಿ ಹಾಕಿದ. "ಹದಿನೆಂಟು ಅಂಕಣಕ್ಕೆ ನಲವತ್ತು ಗಾಡಿ ಹೆಚ್ಚಾಯಿತು, ಗುರುಗಳೇ. ನಮ್ಮ ಹಿಂದಿನ ಚೌಕಕ್ಕೆ ನಾನು ಹದಿನಾರರಲ್ಲಿ ಮುಗಿಸುತ್ತೇನೆ."

"ಹೌದೇ," ಎಂದು ಗುರುಗಳು ಕತೆಯನ್ನು ಮುಂದುವರಿಸಿದರು.

ಆ ಮನೆಗೆ ಇಪ್ಪತ್ತೊಂದು ಬಾಗಿಲು, ಇಪ್ಪತ್ತೊಂದು ಹೊಸ್ತಿಲು. ಹೊಸ್ತಿಲನ್ನು ಪೂಜಿಸದೆ ಒಂದು ದಿನವೂ ಬಿಡುವಂತಿಲ್ಲ. ಬೆಳಿಗ್ಗೆ ಎದ್ದು ಪ್ರತಿಯೊಂದನ್ನೂ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಎದುರಿಗೆ ಚುಕ್ಕಿಯಿಟ್ಟು ರಂಗೋಲಿ ಎಳೆಯಬೇಕು. ಅದಕ್ಕೆ ಆಳಿನ ಕೈ ಸಲ್ಲದು, ಮನೆಯವಳ ಕೈಯೇ ಆಗಬೇಕು. ಅತ್ತೆಯ ಕಾಲದಲ್ಲಿ ಐದು ಜನ ಸೊಸೆಯಂದಿರು ಹಂಚಿಕೊಂಡ ಕೆಲಸ ಈಗ ವರ್ತಕನ ಹೆಂಡತಿಯೊಬ್ಬಳದಾಗಿತ್ತು. ಮುಂಬಾಗಿಲಿಂದ ಶುರುಮಾಡಿ ಕೊಟ್ಟಿಗೆಯ ಹೊಸ್ತಿಲಿಗೆ ಬರುವಾಗ ಸೂರ್ಯ ನೆತ್ತಿಯ ಹತ್ತಿರ ಬಂದಿರುತ್ತಿದ್ದ. ಅವಳು ಬೇಸರಪಟ್ಟುಕೊಂಡವಳಲ್ಲ. ಬೇಸರಪಡಲು ಪುರುಸೊತ್ತು ಬೇಕಲ್ಲ.

ಮದುವೆಯಾಗಿ ಬಂದ ವರ್ಷ ಅವಳು ಗಂಡನಲ್ಲಿ ಒಂದೇ ಒಂದು ಕೇಳಿದ್ದಳು. ಸಮುದ್ರ ನೋಡಬೇಕು. ಅವಳ ತವರಿನ ಕೆರೆ ದೊಡ್ಡದು, ಆದರೂ ಕಣ್ಣು ಕಿರಿದು ಮಾಡಿ ನೋಡಿದರೆ ಆಚೆಯ ದಂಡೆ ಕಾಣುತ್ತಿತ್ತು. ಆಚೆಯ ದಂಡೆಯೇ ಇಲ್ಲದ ನೀರು ಹೇಗಿರುತ್ತದೆ ಎಂಬುದು ಸಣ್ಣಂದಿನಿಂದ ಅವಳ ಕುತೂಹಲ. ಯಾರನ್ನು ಕೇಳಿದರೂ ಕೈ ಅಗಲ ಮಾಡಿ ತೋರಿಸುತ್ತಿದ್ದರು, ಅಷ್ಟೇ. ವರ್ತಕ ಸಂತೋಷವಾಗಿ ಒಪ್ಪಿಕೊಂಡ. ಸಮುದ್ರ ಆರು ದಿನದ ದಾರಿ. ಮಾಳಿಗೆಗೆ ಮಣ್ಣು ಬೀಳಲಿ, ಹೊರಡೋಣ ಎಂದ. ಮಣ್ಣು ಬೀಳುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಯಿತು. ಮಳೆ ಬಿಡಲಿ ಎಂದ. ಮಳೆ ಬಿಟ್ಟಮೇಲೆ ಸುಣ್ಣ ಆಗಲಿ ಎಂದ. ಸುಣ್ಣವಾದಮೇಲೆ ಹತ್ತಿಯ ಸುಗ್ಗಿ. ಸುಗ್ಗಿ ಮುಗಿಯುವಾಗ ಮತ್ತೆ ಮಣ್ಣಿನ ಕಾಲ. ಹೀಗೆ ಇಪ್ಪತ್ತಾರು ವರ್ಷ ಕಳೆಯಿತು. ಅವನು ಅವಳಿಗೆ ಸುಳ್ಳು ಹೇಳಿದವನಲ್ಲ, ಪ್ರತಿ ವರ್ಷವೂ ಹೊರಡಬೇಕೆಂದೇ ಇದ್ದ.

ಒಂದು ಬೆಳಿಗ್ಗೆ ಅಂಗಡಿಗೆ ಹೊರಟವನು ಏಳನೆಯ ಹೊಸ್ತಿಲಿನ ಹತ್ತಿರ ನಿಂತುಬಿಟ್ಟ. ರಂಗೋಲಿಯ ಚುಕ್ಕಿಗಳು ಒಂದು ಕಡೆ ಇದ್ದವು, ಗೆರೆ ಇನ್ನೊಂದು ಕಡೆ ಹೋಗಿತ್ತು. ಎಂಟನೆಯದನ್ನು ನೋಡಿದ. ಅದೂ ಹಾಗೆಯೇ. ಹೆಂಡತಿಯನ್ನು ಕೇಳಿದ.

"ಚುಕ್ಕಿ ಕಾಣವಲ್ವು ರೀ," ಎಂದಳು ಅವಳು. "ಕೈಗೆ ರೂಢಿ ಐತಿ, ಎಳಕೋತ ಹೋಗ್ತೀನಿ."

ವರ್ತಕ ಅಂಗಡಿಗೆ ಹೋಗಲಿಲ್ಲ. ಅವತ್ತೇ ವೈದ್ಯನನ್ನು ಕರೆಸಿದ. ವೈದ್ಯ ಅವಳ ಕಣ್ಣನ್ನು ಬೆಳಕಿಗೆ ತಿರುಗಿಸಿ ನೋಡಿ, ಪೊರೆ ಬೆಳೆಯುತ್ತಿದೆ ಎಂದ. ಬರುವ ದೀಪಾವಳಿಯ ತನಕ ಏನಾದರೂ ಕಾಣಬಹುದು. ಅಲ್ಲಿಂದ ಮುಂದೆ ಬೆಳಕು ಯಾವುದು, ನೆರಳು ಯಾವುದು ಎಂಬುದು ಗೊತ್ತಾದರೆ ಹೆಚ್ಚು.

ಈ ಸಲ ವರ್ತಕ ತಡಮಾಡಲಿಲ್ಲ. ಮಣ್ಣು ಹಾಳಾಗಿ ಹೋಗಲಿ ಎಂದ. ಸಾಲ ಮಾಡಿ ಖರ್ಚಿಗೆ ಹೊಂದಿಸಿಕೊಂಡ, ಗಾಡಿ ಗೊತ್ತುಮಾಡಿದ, ಬುತ್ತಿ ಕಟ್ಟಿಸಿದ. ಹೆಂಡತಿ ಗಂಟು ಹಿಡಿದುಕೊಂಡು ಮುಂದಿನ ಕಟ್ಟೆಯ ಮೇಲೆ ಕೂತಳು. ಅವನು ಬಾಗಿಲುಗಳಿಗೆ ಬೀಗ ಹಾಕುತ್ತ ಬಂದ. ಮನೆಯಲ್ಲಿ ಯಾವಾಗಲೂ ಒಬ್ಬರಾದರೂ ಇರುತ್ತಿದ್ದುದರಿಂದ ಎಲ್ಲ ಬಾಗಿಲಿಗೂ ಒಟ್ಟಿಗೆ ಬೀಗ ಬಿದ್ದದ್ದು ಅದೇ ಮೊದಲು. ಇಪ್ಪತ್ತೊಂದು ಬೀಗ ಹಾಕಿ ಮುಗಿಸಿದ. ಗೊಂಚಲಿನಲ್ಲಿ ಒಂದು ಕೀಲಿ ಹೆಚ್ಚಾಗಿ ಉಳಿಯಿತು.

ಮರುಳಯ್ಯ ನೆಟ್ಟಗೆ ಕೂತ.

ವರ್ತಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಗೇಣುದ್ದದ ಹಳೆಯ ಕೀಲಿ, ಒಳ್ಳೆಯ ಕೆಲಸ. ಪ್ರತಿ ದೀಪಾವಳಿಗೆ ಲಕ್ಷ್ಮಿಯ ಮುಂದೆ ಗೊಂಚಲಿಟ್ಟು ಪೂಜೆ ಮಾಡುವಾಗ ಅದಕ್ಕೂ ಕುಂಕುಮ ಹಚ್ಚಿದ್ದಾನೆ, ಯಾವ ಬಾಗಿಲಿನದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಅವನ ತಲೆ ಓಡತೊಡಗಿತು. ಕೀಲಿ ಇದೆ ಎಂದಮೇಲೆ ಬಾಗಿಲು ಇರಲೇಬೇಕು. ಬಾಗಿಲು ಇದೆ ಎಂದಮೇಲೆ ಅದು ಈಗ ತೆರೆದೇ ಇರಬೇಕು. ಬಾಗಿಲು ತೆರೆದಿಟ್ಟು ಊರು ಬಿಟ್ಟುಹೋಗುವುದು ಹೇಗೆ?

"ಈಗ ಬಂದೆ," ಎಂದು ಹೇಳಿ ಒಳಗೆ ಹೋದ.

ಹಾಕಿದ ಬೀಗಗಳನ್ನೆಲ್ಲ ತೆಗೆದು ಹುಡುಕಿದ. ಕಣಜಗಳ ಹಿಂದೆ ನೋಡಿದ. ಕಾಳು ತುಂಬಿಡುವ ನೆಲದೊಳಗಿನ ಹಗೇವಿಗೆ ಇಳಿದು ನೋಡಿದ. ಗೋಡೆಗಳನ್ನು ತಟ್ಟಿ ಕಿವಿಯಿಟ್ಟು ಕೇಳಿದ. ಹತ್ತು ವರ್ಷದಿಂದ ಕಾಲಿಡದ ಕೋಣೆಗಳು ಅವನಿಗೆ ಎದುರಾದವು. ಒಂದರಲ್ಲಿ ಐದು ನೂರು ಜನಕ್ಕೆ ಅಡಿಗೆ ಮಾಡುವ ಹಂಡೆಗಳು ಬೋರಲು ಬಿದ್ದಿದ್ದವು. ಒಂದರಲ್ಲಿ ಯಾರದೋ ಮದುವೆಯ ಹರಿದ ಚಪ್ಪರದ ಬಟ್ಟೆ. ಇನ್ನೊಂದರ ತುಂಬ ಹಳೆಯ ಬಾಗಿಲುಗಳೇ ಇದ್ದವು, ಅವುಗಳಲ್ಲಿ ಒಂದಕ್ಕೂ ಬೀಗದ ಕಿಂಡಿ ಇರಲಿಲ್ಲ. ಸಂಜೆಯಾಯಿತು. ನಾಳೆ ಹೊರಡೋಣ ಎಂದ. ಮರುದಿನ ಲಾಯವನ್ನು ಅಗೆಸಿ ನೋಡಿದ. ಗಾಡಿಯವನು ಎರಡು ದಿನ ಕಾದು, ಮೂರನೆಯ ದಿನ ಬೇರೆ ಬಾಡಿಗೆ ಹಿಡಿದು ಹೋದ. ಹೆಂಡತಿ ಬಿಚ್ಚದ ಗಂಟನ್ನು ಕಟ್ಟೆಯ ಮೇಲೇ ಇಟ್ಟು, ಬೆಳಿಗ್ಗೆ ಎದ್ದು ಇಪ್ಪತ್ತೊಂದು ಹೊಸ್ತಿಲು ತೊಳೆಯುವುದು, ಆಮೇಲೆ ಬಂದು ಗಂಟಿನ ಪಕ್ಕ ಕೂರುವುದು, ಹೀಗೆ ಎಂಟು ದಿನ ಕಳೆದಳು.

ಎಂಟನೆಯ ದಿನ ವರ್ತಕ ಹೊರಗೆ ಬಂದ. ಮೀಸೆಯ ತುಂಬ ಜೇಡರ ಬಲೆ. ಕಣ್ಣು ಮಾತ್ರ ಹೊಳೆಯುತ್ತಿದ್ದವು.

"ಅಟ್ಟ ಒಂದು ಉಳದೈತಿ. ನಾಳೆ ನೋಡ್ತೀನಿ. ಸಿಕ್ಕೇ ಸಿಗತೈತಿ," ಎಂದ.

ಹೆಂಡತಿ ಅವನ ದನಿ ಬಂದ ಕಡೆಗೆ ತಿರುಗಿದಳು. "ಸಿಕ್ಕರ ಅದಕ್ಕೂ ಒಂದು ಹೊಸ್ತಿಲ ಇರತೈತಲ್ರೀ," ಎಂದಳು.

ಅವಳು ಸಿಟ್ಟಿನಿಂದ ಹೇಳಿದ್ದಲ್ಲ. ನಾಳೆಯಿಂದ ಇಪ್ಪತ್ತೆರಡು ಎಂದು ಮನಸ್ಸಿನಲ್ಲೇ ಎಣಿಸಿಕೊಂಡವಳ ಮಾತು ಅದು.

ವರ್ತಕ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ಅವಳ ಕೈಗಳನ್ನು ನೋಡಿದ. ಇಪ್ಪತ್ತಾರು ವರ್ಷದ ಅರಿಸಿನ ಉಗುರಿನಲ್ಲಿ ಉಳಿದಿತ್ತು. ರಂಗೋಲಿ ಹುಡಿ ಉದುರಿಸಿ ಉದುರಿಸಿ ಎರಡು ಬೆರಳುಗಳ ತುದಿ ನುಣ್ಣಗಾಗಿದ್ದವು. ಅವನಿಗೆ ತುಂಬ ನಾಚಿಕೆಯಾಯಿತು. ಪುರುಸೊತ್ತಿಲ್ಲವೆಂದು, ಹಣವಿಲ್ಲವೆಂದು ತಾನು ಸಮುದ್ರಕ್ಕೆ ಹೋಗಲಿಲ್ಲ ಎಂದುಕೊಂಡಿದ್ದ. ಹಣ ಇತ್ತು. ಅದು ಗೋಡೆಯಾಗಿ ನಿಂತಿತ್ತು, ಮಾಳಿಗೆಯಾಗಿ ಹರಡಿತ್ತು, ವರ್ಷವರ್ಷವೂ ಇನ್ನಷ್ಟು ತಾ ಎನ್ನುತ್ತಿತ್ತು.

ಮರುದಿನ ಅವನು ಅಟ್ಟ ಹತ್ತಲಿಲ್ಲ. ಎಣ್ಣೆಯ ಗಾಣ ನಡೆಸುತ್ತಿದ್ದ ನಾಲ್ವರು ಅಣ್ಣತಮ್ಮಂದಿರ ಮನೆಗೆ ಹೋದ. ಅವರದು ಇಪ್ಪತ್ತೆಂಟು ಜನರ ಸಂಸಾರ. ಮಗ್ಗುಲು ಬದಲಿಸಬೇಕಾದರೆ ಪಕ್ಕದವರನ್ನು ಎಬ್ಬಿಸಬೇಕಾದಷ್ಟು ಇಕ್ಕಟ್ಟು. ಕೈಯಲ್ಲಿ ದುಡ್ಡಿತ್ತು, ಅವರೆಲ್ಲರನ್ನೂ ಹಿಡಿಸುವ ಮನೆ ಆ ಪೇಟೆಯಲ್ಲಿ ಯಾರೂ ಮಾರುತ್ತಿರಲಿಲ್ಲ. ವರ್ತಕ ಬಂದ ವಿಷಯ ಹೇಳಿದಾಗ ಹಿರಿಯಣ್ಣ ಮೊದಲು ತಮಾಷೆ ಎಂದುಕೊಂಡ. ಆಮೇಲೆ ಒಳಗೆ ಕೂಗಿ ಹೇಳಿದ. ಒಂಬತ್ತು ಜನ ಹೆಂಗಸರು ಒಟ್ಟಿಗೆ ಬಾಗಿಲಿಗೆ ಬಂದು ನಿಂತರು. ಇಪ್ಪತ್ತೊಂದು ಹೊಸ್ತಿಲನ್ನು ಒಂಬತ್ತು ಜನ ಹಂಚಿಕೊಂಡರೆ ಬಿಸಿಲೇರುವ ಮುಂಚೆ ಮುಗಿಯುತ್ತದೆ ಎಂದು ವರ್ತಕನಿಗೆ ಸಮಾಧಾನವಾಯಿತು.

ಪೇಟೆಯಲ್ಲಿ ಸುದ್ದಿ ಹಬ್ಬಿತು. ಅಂಕಣದಲ್ಲಿ ಮನುಷ್ಯನನ್ನು ಅಳೆಯುವ ಊರು. ಹದಿನೆಂಟು ಅಂಕಣ ಮಾರಿದ ಎಂದರೆ ದಿವಾಳಿ ಎದ್ದ ಎಂದೇ ಅರ್ಥ. ಅವನಿಗೆ ಹತ್ತಿ ಹಾಕಿ ಹಣ ಬರಬೇಕಾಗಿದ್ದವರೆಲ್ಲ ಒಂದೇ ಬೆಳಿಗ್ಗೆ ಅಂಗಡಿಗೆ ಓಡಿಬಂದರು. ಮಜಾ ನೋಡುವವರು ಅವರಿಗಿಂತ ಮುಂಚೆ ಬಂದು ಒಳ್ಳೆಯ ಜಾಗ ಹಿಡಿದಿದ್ದರು. ವರ್ತಕ ಮಧ್ಯಾಹ್ನದೊಳಗೆ ಎಲ್ಲರ ಹಣವನ್ನೂ ಕೊಟ್ಟು ಕೈತೊಳೆದುಕೊಂಡ. ಮಜಾ ನೋಡುವವರಿಗೆ ಬೇಸರವಾಯಿತು.

ಉಳಿದ ಹಣದಲ್ಲಿ ಹಿಂದಿನ ಓಣಿಯಲ್ಲಿ ಎರಡು ಅಂಕಣದ ಮನೆ ಕೊಂಡ. ಆಮೇಲೂ ಹಣದ ಗಂಟು ಉಳಿಯಿತು. ಅರ್ಧ ವ್ಯಾಪಾರ ಮಾಡಿದರೂ ಸಾಕು, ವರ್ಷದಲ್ಲಿ ನಾಲ್ಕು ತಿಂಗಳು ಅಂಗಡಿ ಮುಚ್ಚಿದರೂ ಒಲೆ ಉರಿಯುತ್ತದೆ ಎಂದು ಗೊತ್ತಾದಾಗ ಅವನೇ ನಂಬಲಿಲ್ಲ. ಎಲ್ಲೋ ತಪ್ಪಿದ್ದೇನೆ ಎಂದು ಇನ್ನೊಮ್ಮೆ ಯೋಚಿಸಿ ನೋಡಿದ. ತಪ್ಪಿರಲಿಲ್ಲ.

ಹೊಸ ಮನೆಗೆ ಮುಂದೊಂದು ಹಿಂದೊಂದು, ಎರಡೇ ಹೊಸ್ತಿಲು. ಮೊದಲ ಬೆಳಿಗ್ಗೆ ಹೆಂಡತಿ ಎರಡನ್ನೂ ಪೂಜಿಸಿ ಎದ್ದು ನಿಂತಾಗ ಎದುರು ಮನೆಯ ಗೋಡೆಗೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಏನು ಮಾಡುವುದೆಂದು ತೋಚಲಿಲ್ಲ. ಕೈ ನಿಲ್ಲಲಿಲ್ಲ. ಪಕ್ಕದ ಮನೆಯ ಮುಂದೆಯೂ ರಂಗೋಲಿ ಎಳೆದಳು, ಅದರ ಪಕ್ಕದ ಮನೆಯ ಮುಂದೆಯೂ ಎಳೆದಳು. ಅಲ್ಲಿಯವರು ಹೊರಗೆ ಬಂದು, ಇವತ್ತು ಯಾವ ಹಬ್ಬ ಎಂದು ಕೇಳಿದರು. ಅವಳು ನಕ್ಕಳು. ಅವಳು ಹಾಗೆ ನಗುವುದನ್ನು ಕೇಳಿ ವರ್ತಕ ಒಳಗಿಂದ ಎದ್ದು ಬಂದ.

ಗಾಣದ ಹಿರಿಯಣ್ಣ ಒಂದು ದಿನ ಆ ಕೀಲಿಯನ್ನು ಹಿಡಿದುಕೊಂಡು ಬಂದ. "ಇದು ಯಾವ ಬಾಗಲಕ್ಕೂ ಹತ್ತವಲ್ದು. ನಿಮ್ಮದ ಇರಬೇಕು ನೋಡ್ರಿ, ಸಾವಕಾರ್ರ," ಎಂದು ಕೊಟ್ಟು ಹೋದ. ವರ್ತಕ ಅದನ್ನು ತನ್ನ ಹೊಸ ಮನೆಯ ಬೀಗಕ್ಕೂ ಹಾಕಿ ನೋಡಿದ. ಹತ್ತಲಿಲ್ಲ. ಗೋಡೆಯ ಗೂಡಿನಲ್ಲಿಟ್ಟ.

ಮಳೆಗಾಲ ಬಂತು. ಎರಡು ಅಂಕಣದ ಮಾಳಿಗೆಗೆ ನಾಲ್ಕು ಗಾಡಿ ಮಣ್ಣು ಸಾಕಾಗಿತ್ತು. ಮಳೆ ಬೀಳುವಾಗ ತೊಲೆಗಳ ಕಡೆ ಕಣ್ಣು ಹಾಯಿಸದೆ ಮಳೆಯ ಸದ್ದನ್ನಷ್ಟೇ ಕೇಳಿದ್ದು ವರ್ತಕನಿಗೆ ಅದೇ ಮೊದಲು. ಮಳೆ ಬಿಟ್ಟಿತು, ದೀಪಾವಳಿಗೆ ಇಪ್ಪತ್ತು ದಿನ ಉಳಿದಿತ್ತು. ಅಷ್ಟುಹೊತ್ತಿಗೆ ಅವಳಿಗೆ ಎತ್ತು ಕಾಣುತ್ತಿತ್ತು, ಎತ್ತಿನ ಕೋಡು ಕಾಣುತ್ತಿರಲಿಲ್ಲ. ವರ್ತಕ ಅಂಗಡಿ ಮುಚ್ಚಿದ. ಸುಣ್ಣ ಹೊಡೆಸಲಿಲ್ಲ. ಒಂದು ಬಾಗಿಲಿಗೆ ಒಳಗಿಂದ ಅಗಳಿ, ಇನ್ನೊಂದಕ್ಕೆ ಹೊರಗಿಂದ ಬೀಗ. ಗಂಟು ಅವಳ ಕೈಯಲ್ಲೇ ಇತ್ತು. ಹೊರಟರು.

ದಾರಿಯುದ್ದಕ್ಕೂ ಅವಳದು ಪ್ರಶ್ನೆಯೇ ಪ್ರಶ್ನೆ. ಈ ಮಣ್ಣು ಯಾಕೆ ಕೆಂಪಾಯಿತು? ಈ ಎಲೆ ಯಾವ ಮರದ್ದು? ಇಷ್ಟು ಇಳಿಯುತ್ತಿದ್ದೇವಲ್ಲ, ಹತ್ತುವುದು ಯಾವಾಗ? ವರ್ತಕನಿಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ, ಅವನೂ ಎಂದೂ ಬಂದವನಲ್ಲ. ಎದುರಿಗೆ ಬಂದವರನ್ನು ಕೇಳಿ ಹೇಳುತ್ತಿದ್ದ. ಕೇಳುತ್ತ ಕೇಳುತ್ತ ಅವನಿಗೂ ಪ್ರಶ್ನೆಗಳು ಹುಟ್ಟಿದವು. ಐದನೆಯ ದಿನ ಘಟ್ಟ ಇಳಿದು ಮುಗಿಯಿತು. ಆರನೆಯ ದಿನ ಮಧ್ಯಾಹ್ನ ಗಾಡಿಯವನು, ಇನ್ನು ಮುಂದೆ ಮರಳು, ಚಕ್ರ ಹೂತುಹೋಗುತ್ತದೆ, ನಡೆಯಿರಿ ಎಂದ. ಕೆಳಗಿಳಿದರು. ತುಟಿ ಸವರಿಕೊಂಡರೆ ಉಪ್ಪು. ಎದುರಿಗೆ ಒಂದು ಮರಳ ದಿಬ್ಬ. ಅದರ ಆಚೆಯಿಂದ ಒಂದು ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

ಅವಳು ನಿಂತಳು. "ಅದೇನ್ರೀ ಸಪ್ಪಳ?"

"ನಾನೂ ಕೇಳಿಲ್ಲ. ಬಾ, ನೋಡೋಣ," ಎಂದ ವರ್ತಕ. ಅವಳ ಕೈ ಹಿಡಿದುಕೊಂಡ. ಇಬ್ಬರೂ ದಿಬ್ಬ ಹತ್ತತೊಡಗಿದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಪಕ್ಕದ ತಂಬಿಗೆಯಿಂದ ನೀರು ಬಗ್ಗಿಸಿಕೊಂಡು ನಿಧಾನವಾಗಿ ಕುಡಿದರು. ತಂಬಿಗೆಯನ್ನು ಕೆಳಗಿಟ್ಟು ಶಿಷ್ಯನ ಮುಖವನ್ನೇ ನೋಡುತ್ತ ಕೂತರು.

ಮರುಳಯ್ಯನೂ ಕಾದ. ಗುರುಗಳು ಮುಂದುವರಿಸಲಿಲ್ಲ. ಆಗಿನಿಂದ ಅವನ ಮನಸ್ಸಿನಲ್ಲಿ ಒಂದು ವಿಷಯ ಕೊರೆಯುತ್ತಲೇ ಇತ್ತು. ಬೆರಳುಗಳು ಅವನಿಗೆ ಗೊತ್ತಿಲ್ಲದೆಯೇ ಸೊಂಟದ ಗೊಂಚಲಿನಲ್ಲಿ ಒಂದೊಂದೇ ಕೀಲಿಯನ್ನು ಸರಿಸಿ ನೋಡುತ್ತಿದ್ದವು. ಕೊನೆಗೆ ತಡೆಯಲಾಗಲಿಲ್ಲ.

"ಒಂದು ಸಂದೇಹ, ಗುರುಗಳೇ."

"ಕೇಳು."

"ಆ ಇಪ್ಪತ್ತೆರಡನೆಯ ಕೀಲಿ ಕೊನೆಗೂ ಯಾವ ಬಾಗಿಲಿನದು?"

ಗುರುಗಳು ಅವನ ಬೆರಳುಗಳನ್ನು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಆಕೆಗೆ ಸಮುದ್ರ ಕಂಡಿತೇ ಎಂದು ಕೇಳುತ್ತೀಯೆಂದು ಕಾದಿದ್ದೆ, ಮರುಳಯ್ಯ."

ಮರುಳಯ್ಯನ ಬೆರಳುಗಳು ಗೊಂಚಲಿನ ಮೇಲೆ ನಿಂತವು.